ಒಂಬತ್ತು ಕುಕ್ಕರಿನ ಕಾಫಿ

ಮಕ್ಕಳೇ, ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿದ್ದು ಚಹಾದ ಮನೆಯಲ್ಲಿ. ಧಾರವಾಡದ ಮಾಳಮಡ್ಡಿಯ ನನ್ನ ತವರಿನಲ್ಲಿ ಬೆಳಗಿನ ಐದಕ್ಕೆ ಒಲೆಯ ಮೇಲೆ ಏರಿದ ಚಹಾದ ಬೋಗುಣಿ ರಾತ್ರಿಯವರೆಗೂ ಇಳಿಯುತ್ತಿರಲಿಲ್ಲ. ಬಂದವರಿಗೆಲ್ಲ ಚಹಾ, ಹೊರಟವರಿಗೂ ಚಹಾ. ಕಾಫಿ ಎಂದರೆ ತಲೆನೋವಿನ ಔಷಧ. ಯಾರಾದರೂ ಕಾಫಿ ಕೇಳಿದರೆ ನಮ್ಮ ಅವ್ವ, 'ಯಾಕ, ಮೈಯಾಗ ಆರಾಮ ಇಲ್ಲೇನು?' ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಅಂಥ ಮನೆಗೆ 1974ರಲ್ಲಿ ಹಾಸನದ ಕಡೆಯ ಅಳಿಯ ಬಂದರು. ನಮ್ಮವರು ಆಗ ಇಲ್ಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವ್ವ ಹೊಸ ಅಳಿಯನಿಗೆ ಕಪ್ಪು-ಬಶಿ ತುಂಬ ಚಹಾ ಕೊಟ್ಟಳು. ಮರ್ಯಾದೆಗೆ ಕುಡಿದರು. ಎರಡನೆಯ ದಿನವೂ ಕುಡಿದರು. ಮೂರನೆಯ ದಿನ ಟ್ರಂಕು ತೆರೆದು ಹಿತ್ತಾಳೆಯದೊಂದು ಡಬ್ಬಿ ಹೊರತೆಗೆದರು. ಒಂದರ ಮೇಲೊಂದು ಕೂತ ಎರಡು ಡಬ್ಬಿ. ಮೇಲಿನದರ ತಳದಲ್ಲಿ ಸೂಜಿಮೊನೆಯಂಥ ತೂತುಗಳು. ನಮ್ಮ ಅಪ್ಪ ಅದನ್ನು ಹೊರಳಿಸಿ ನೋಡಿ, 'ಇದೇನ್ರೀ, ಗಾಳಸೋ ಜರಡಿಗೆ ಮುಚ್ಚಳಾನೂ ಹಚ್ಯಾರಲ್ಲ!' ಎಂದಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಇವರದೇ ಕೆಲಸ. ರಾತ್ರಿ ಊಟವಾದ ಮೇಲೆ ಮೇಲಿನ ಡಬ್ಬಿಗೆ ಮೂರು ಚಮಚ ಪುಡಿ ಹಾಕುವುದು, ಅಂಗೈಯಿಂದ ತಟ್ಟಿ ಸಮ ಮಾಡುವುದು, ಹಿಡಿಯಿರುವ ತೂತಿನ ಬಿಲ್ಲೆಯನ್ನು ಅದರ ಮೇಲೆ ಹಗುರವಾಗಿ ಇಡುವುದು. ಕುದಿ ಬಂದು ಇಳಿಸಿದ ನೀರನ್ನು ಬಿಲ್ಲೆಯ ಮೇಲೆ ಸುತ್ತ ಸುರಿದು ಮುಚ್ಚಿಬಿಟ್ಟರೆ ಆಯಿತು. ಬೆಳಿಗ್ಗೆ ಏಳುವುದರೊಳಗೆ ಕೆಳಗಿನ ಡಬ್ಬಿಯಲ್ಲಿ ಜೇನಿನ ಬಣ್ಣಕ್ಕಿಂತ ಕಪ್ಪಾದ ಡಿಕಾಕ್ಷನ್ ಇಳಿದಿರುತ್ತಿತ್ತು. ಆ ಡಬ್ಬಿಯನ್ನು ನನಗೆ ಮುಟ್ಟಲಿಕ್ಕೂ ಬಿಡುತ್ತಿರಲಿಲ್ಲ. 'ನೀನು ಜೋರಾಗಿ ಒತ್ತುತ್ತೀಯ ಕಣೇ' ಎನ್ನುವುದು ನನ್ನ ಮೇಲಿನ ಐವತ್ತು ವರ್ಷದ ಆರೋಪ. ನಿಜವೂ ಹೌದು. ರೊಟ್ಟಿ ಬಡಿದು ಬೆಳೆದ ಕೈ ಇದು.

ಹೋದ ವರ್ಷ ಇವರ ಕೈ ನಡುಗಲು ಶುರುವಾಯಿತು. ಮೊದಲು ಸಹಿ ಮಾಡುವಾಗ, ಆಮೇಲೆ ತುತ್ತು ಎತ್ತುವಾಗ. ಒಂದು ರಾತ್ರಿ ಫಿಲ್ಟರಿಗೆ ಬಿಸಿನೀರು ಸುರಿಯಲು ಹೋಗಿ ಪಾದದ ಮೇಲೆ ಚೆಲ್ಲಿಕೊಂಡರು. ಡಾಕ್ಟರು ಎರಡು ಮಾತು ಹೇಳಿದರು: ಬಿಸಿ ಪಾತ್ರೆ ಮುಟ್ಟಬೇಡಿ, ಕಾಫಿ ಕೈನಡುಕ ಹೆಚ್ಚಿಸಬಹುದು, ಆದ್ದರಿಂದ ದಿನಕ್ಕೆ ಒಂದೇ ಕಪ್ಪು. ಮನೆಗೆ ಬಂದವರೇ ಫಿಲ್ಟರನ್ನು ತೊಳೆಸಿ ಒರೆಸಿಸಿ ಅಟ್ಟದ ಮೇಲೆ ಇಡಿಸಿದರು. 'ನಾಳೆಯಿಂದ ನಂಗೂ ಚಹಾನೇ ಮಾಡಿಬಿಡು' ಎಂದರು. ನಮ್ಮ ಅವ್ವ ಬದುಕಿದ್ದರೆ ಊರಿಗೆಲ್ಲ ಪೇಢಾ ಹಂಚುತ್ತಿದ್ದಳು. ನನಗೆ ಮಾತ್ರ ಗಂಟಲು ಕಟ್ಟಿತು.

ಎರಡು ದಿನ ಬಿಟ್ಟು ಫಿಲ್ಟರನ್ನು ಕದ್ದು ಇಳಿಸಿದೆ. ನಾನೇ ಪುಡಿ ಹಾಕಿ, ನಾನೇ ಒತ್ತಿ, ನೀರು ಸುರಿದೆ. ಬೆಳಿಗ್ಗೆ ನೋಡಿದರೆ ನೀರು ಮೇಲೆಯೇ ಕೂತಿತ್ತು! ಅಲುಗಾಡಿಸಿ, ತಟ್ಟಿ, ಎಂಟು ಗಂಟೆಗೆ ಅಂತೂ ಒಂದು ಲೋಟ ಕಾಫಿ ಮಾಡಿಕೊಟ್ಟೆ. ಕುಡಿದು 'ಚೆನ್ನಾಗಿದೆ' ಎಂದರು. ಅಜ್ಜ-ಅಜ್ಜಿಯರೇ, ನಿಮಗೆ ಹೇಳಬೇಕಾಗಿಲ್ಲ. ಕಾಫಿಯ ವಿಷಯದಲ್ಲಿ ಒಂದು ದಿನವೂ ತಪ್ಪು ಹುಡುಕದೆ ಬಿಡದ ಮನುಷ್ಯ ಕೆಟ್ಟ ಕಾಫಿಗೆ 'ಚೆನ್ನಾಗಿದೆ' ಎಂದರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಫಿಲ್ಟರು ಮತ್ತೆ ಅಟ್ಟ ಸೇರಿತು.

ಈ ಸಂಗತಿ ಬೆಂಗಳೂರಿನ ಮಗನಿಗೆ ತಿಳಿದು, ದಸರೆಗೆ ಒಂದು ದೊಡ್ಡ ಪೆಟ್ಟಿಗೆ ಕಳಿಸಿದ. ಒಳಗೆ ಎಸ್ಪ್ರೆಸೊ ಯಂತ್ರ. 'ಗುಂಡಿ ಒತ್ತಿದರೆ ಸಾಕು, ಅಪ್ಪ ಏನೂ ಸುರಿಯಬೇಕಾಗಿಲ್ಲ' ಎಂದು ಫೋನಿನಲ್ಲಿ ಹೇಳಿದ. ಎಸ್ಪ್ರೆಸೊ ಎಂದ ಕೂಡಲೇ ನನಗೆ ನೆನಪಾದದ್ದು ಮದುವೆ ಮನೆ. ಹುಬ್ಬಳ್ಳಿಯ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಬಾಗಿಲ ಬಳಿ ಒಂದು ಹೊಳೆಯುವ ಬಾಯ್ಲರು, ಅದರಿಂದ ಹೊರಟ ಕೊಳವೆ, ಬುಸ್ಸೆನ್ನುವ ಉಗಿ, ಕಪ್ಪಿನ ತುಂಬ ನೊರೆ, ಮೇಲೆ ಚಿಟಿಕೆ ಚಾಕಲೇಟು ಪುಡಿ. ನಾವದನ್ನು ಎಸ್ಪ್ರೆಸೊ ಎಂದೇ ಕರೆದು ಖುಷಿಯಿಂದ ಕುಡಿದವರು. ಆಮೇಲೆ ಗೊತ್ತಾಯಿತು, ಅದು ದಿಢೀರ್ ಕಾಫಿ ಪುಡಿ, ಸಕ್ಕರೆ, ಹಾಲು ಮೂರನ್ನೂ ಉಗಿಯಿಂದ ಕಲಕಿದ್ದು, ಹೆಸರಷ್ಟೇ ಇಟಲಿಯದು. (ರುಚಿ ಕೆಟ್ಟದೆಂದು ನಾನು ಹೇಳಲಾರೆ. ಮದುವೆ ಮನೆಯಲ್ಲಿ ಎರಡು ಸಲ ತೆಗೆದುಕೊಂಡವಳು ನಾನೇ.)

ಹುಬ್ಬಳ್ಳಿಯಿಂದ ಮೊಮ್ಮಗಳು ಚಿಗರಿ ಬಸ್ಸು ಹತ್ತಿ ರಜೆಗೆ ಬಂದಳು. ಎಂಟನೇ ಇಯತ್ತೆ. ಪೆಟ್ಟಿಗೆ ಒಡೆದು, ಪುಸ್ತಕ ಓದಿ, ಅರ್ಧ ತಾಸಿನಲ್ಲಿ ಯಂತ್ರ ಜೋಡಿಸಿದಳು. ಮನೆಯಲ್ಲಿದ್ದ ಫಿಲ್ಟರ್ ಕಾಫಿಯ ಪುಡಿಯನ್ನೇ ತುಂಬಿದೆವು, ಗುಂಡಿ ಒತ್ತಿದೆವು. ಯಂತ್ರ ಗೊರಗೊರ ಎಂದಿತು, ಒದ್ದಾಡಿತು, ಎರಡು ನಿಮಿಷಕ್ಕೆ ನಾಲ್ಕು ಹನಿ ಉದುರಿಸಿತು. ನಾಲಿಗೆಗೆ ಹಚ್ಚಿಕೊಂಡರೆ ಬೇವಿನ ಎಲೆ.

'ಕೆಟ್ಟೈತಿ ಅನಸ್ತದ, ವಾಪಸ್ ಕಳಸೂಣು' ಎಂದೆ ನಾನು.

ಅಷ್ಟು ಹೊತ್ತು ಕಿಟಕಿಯ ಬಳಿ ಪೇಪರು ಹಿಡಿದು ಕೂತಿದ್ದ ಇವರು, ತಲೆ ಎತ್ತದೆ, 'ಅದರಲ್ಲಿ ಚಿಕೋರಿ ಇದೆಯಲ್ಲೇ' ಎಂದರು.

ಮೂರು ತಿಂಗಳಲ್ಲಿ ಕಾಫಿಯ ಬಗ್ಗೆ ಅವರಾಡಿದ ಮೊದಲ ಮಾತು ಅದು. ಮೊಮ್ಮಗಳು ಬಿಡಲಿಲ್ಲ. 'ಅಜ್ಜಾ, ಚಿಕೋರಿ ಅಂದ್ರೇನು? ಇಲ್ಲಿ ಬಂದು ಹೇಳ್ರಿ' ಎಂದು ಕುರ್ಚಿಯನ್ನೇ ಅಡಿಗೆಮನೆಗೆ ಎಳೆದು ತಂದಳು.

ಚಿಕೋರಿ ಒಂದು ಗಿಡದ ಬೇರು ಮಕ್ಕಳೇ. ಹುರಿದು ಪುಡಿ ಮಾಡಿದರೆ ಕಾಫಿಯ ಬಣ್ಣ ಬರುತ್ತದೆ. ಕಾಫಿಯಲ್ಲಿರುವ ಕೆಫೀನು ಅದರಲ್ಲಿಲ್ಲ. ನೀರಿನಲ್ಲಿ ಬೇಗ ಕರಗಿ ಡಿಕಾಕ್ಷನ್ನಿಗೆ ದಪ್ಪವನ್ನೂ ಬಣ್ಣವನ್ನೂ ಕೊಡುತ್ತದೆ, ಅದಕ್ಕೇ ಹಾಲಿನ ಕಾಫಿಗೆ ಹೊಂದುತ್ತದೆ. ಮಿಶ್ರ ಪುಡಿಯಲ್ಲಿ ಕಾಫಿ 51 ಪ್ರತಿಶತಕ್ಕೆ ಕಡಿಮೆ ಇರಕೂಡದೆಂದು ನಮ್ಮ ಆಹಾರ ನಿಯಮ ಹೇಳುತ್ತದೆ. ಎಷ್ಟು ಕಾಫಿ, ಎಷ್ಟು ಚಿಕೋರಿ ಎಂಬುದನ್ನು ಪೊಟ್ಟಣದ ಮೇಲೆ ಬರೆದಿರಲೇಬೇಕು. ನಿಮ್ಮ ಮನೆಯ ಪೊಟ್ಟಣವನ್ನು ಇವತ್ತೇ ತಿರುಗಿಸಿ ನೋಡಿ. ಫಿಲ್ಟರಿನಲ್ಲಿ ರಾತ್ರಿಯಿಡೀ ಸಮಯವಿರುತ್ತದೆ, ಚಿಕೋರಿಯ ಅಂಟು ನಡೆಯುತ್ತದೆ. ಯಂತ್ರದ ಸಣ್ಣ ಜರಡಿಯಲ್ಲಿ ಅದೇ ಅಂಟು ದಾರಿ ಕಟ್ಟುತ್ತದೆ.

ಮರುದಿನ ಮೂವರೂ ಹುಬ್ಬಳ್ಳಿಗೆ ಹೋಗಿ, ಕಣ್ಣೆದುರೇ ಹುರಿಯುವ ಅಂಗಡಿಯಿಂದ ಬರೀ ಕಾಫಿ ಬೀಜ ತಂದೆವು. ಮುಕ್ಕಾಲು ಪಾಲು ಅರೇಬಿಕಾ, ಕಾಲು ಪಾಲು ರೋಬಸ್ಟಾ. ಅರೇಬಿಕಾದ ಪರಿಮಳ ಹೆಚ್ಚು. ರೋಬಸ್ಟಾದಲ್ಲಿ ಕೆಫೀನು ಸುಮಾರು ಎರಡು ಪಟ್ಟು, ಕಹಿಯೂ ಜಾಸ್ತಿ, ಆದರೆ ನೊರೆ ಚೆನ್ನಾಗಿ ಕಟ್ಟುತ್ತದೆ. ಬೀಜ ಬಂದದ್ದು ಚಿಕ್ಕಮಗಳೂರಿನಿಂದ. ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜ ತಂದು ಅಲ್ಲಿಯ ಬೆಟ್ಟದಲ್ಲಿ ನೆಟ್ಟರು ಎಂಬ ಕಥೆ ನಿಮಗೆ ಶಾಲೆಯಲ್ಲಿ ಹೇಳಿರುತ್ತಾರೆ. ಇವತ್ತು ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ 70 ಪ್ರತಿಶತ ನಮ್ಮ ಕರ್ನಾಟಕದ್ದೇ: ಕೊಡಗು, ಚಿಕ್ಕಮಗಳೂರು, ಹಾಸನ. ಇಷ್ಟಾದರೂ ಧಾರವಾಡದ ನಾವು ಚಹಾ ಬಿಡಲಿಲ್ಲ ನೋಡಿ!

ಬೀಸಲು ಒಂದು ಕೈಗಿರಣಿ ತಂದೆವು. ಮಿಕ್ಸರಿನಲ್ಲಿ ಹಾಕಿದರೆ ಅರ್ಧ ಹಿಟ್ಟು, ಅರ್ಧ ನುಚ್ಚು ಆಗುತ್ತದೆ. ಹಿಟ್ಟು ಕಹಿ ಬಿಡುತ್ತದೆ, ನುಚ್ಚು ಹುಳಿ ಬಿಡುತ್ತದೆ. ಕೈಗಿರಣಿಯ ಒಳಗೆ ಇರುವುದು ನಮ್ಮ ಬೀಸುಕಲ್ಲಿನ ತಮ್ಮನೇ. ಎರಡು ಮುಖಗಳ ನಡುವಿನ ಸಂದನ್ನು ಗೆರೆ ನೋಡಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಫಿಲ್ಟರಿಗೆ ಚಿರೋಟಿ ರವೆಯಷ್ಟು ಸಾಕು. ಎಸ್ಪ್ರೆಸೊಗೆ ಅದಕ್ಕಿಂತ ಸಣ್ಣ, ಆದರೆ ಮೈದಾದಷ್ಟಲ್ಲ. ಬೆರಳ ನಡುವೆ ತಿಕ್ಕಿದರೆ ಸ್ವಲ್ಪ ಮರಳು ತಾಗಬೇಕು.

ಇಷ್ಟೆಲ್ಲ ರಂಪ ಯಾಕೆ? ಇದನ್ನೇ ಮೊಮ್ಮಗಳೂ ಕೇಳಿದಳು. ಆಗ ನಮ್ಮ ಮೇಷ್ಟ್ರಿಗೆ ಮೈಯಲ್ಲಿ ಹುರುಪು ಬಂತು.

'ಮಗು, ನಮ್ಮ ಫಿಲ್ಟರಿನಲ್ಲಿ ನೀರನ್ನು ಕೆಳಗೆ ಎಳೆಯೋದು ಯಾರು?'

'ಗುರುತ್ವಾಕರ್ಷಣೆ.'

'ಈ ಯಂತ್ರದಲ್ಲಿ?'

'ಪಂಪು.'

'ಎಷ್ಟು ಜೋರಾಗಿ?'

ಮೊಮ್ಮಗಳು ಡಬ್ಬಿಯ ಮೇಲೆ 15 ಬಾರ್ ಎಂದು ಬರೆದಿದ್ದನ್ನು ತೋರಿಸಿದಳು. ಅದು ಪಂಪಿನ ತಾಕತ್ತು ಅಷ್ಟೆ. ಎಸ್ಪ್ರೆಸೊ ಇಳಿಯುವಾಗ ಬೇಕಾಗುವುದು ಸುಮಾರು 9 ಬಾರ್. ಅಡಿಗೆಮನೆಯ ಕುಕ್ಕರು ಸೀಟಿ ಹೊಡೆಯುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡ ಸುಮಾರು 1 ಬಾರ್. ಅಂದರೆ ಒಂಬತ್ತು ಕುಕ್ಕರುಗಳ ಒತ್ತಡ ಒಟ್ಟಿಗೆ ಸೇರಿ ಆ ಪುಟ್ಟ ಪುಡಿಯ ಬಿಲ್ಲೆಯನ್ನು ಒತ್ತುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, 90 ಮೀಟರ್ ಎತ್ತರದ ಕೊಳವೆ ನಿಲ್ಲಿಸಿ ನೀರು ತುಂಬಿದರೆ ತಳದಲ್ಲಿ ಎಷ್ಟು ಒತ್ತಡವಿರುತ್ತದೋ ಅಷ್ಟು. ಜೋಗದ ಎತ್ತರ 253 ಮೀಟರ್. ಅದರ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟು ಜೋರಿನ ನೀರು ಪುಡಿಯಲ್ಲಿ ಎಲ್ಲಿ ಸಡಿಲು ಸಿಕ್ಕರೂ ಅಲ್ಲೇ ಬಿಲ ಕೊರೆದು ಓಡಿಹೋಗುತ್ತದೆ. ಅದಕ್ಕೇ ಪುಡಿ ಸಣ್ಣಗಿರಬೇಕು, ಸಮವಾಗಿರಬೇಕು, ಗಟ್ಟಿಯಾಗಿ ಒತ್ತಿರಬೇಕು.

ಈ ಉಪಾಯ ಒಂದೇ ದಿನಕ್ಕೆ ಹೊಳೆದದ್ದಲ್ಲ. 1884ರಲ್ಲಿ ಇಟಲಿಯ ತುರಿನ್ ನಗರದ ಆಂಜೆಲೊ ಮೊರಿಯೊಂಡೊ ಉಗಿಯ ಕಾಫಿ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಒಬ್ಬೊಬ್ಬರಿಗೂ ಬೇರೆ ಬೇರೆ ಕಪ್ಪಿಗೆ ಇಳಿಯುವಂತೆ ಮಾಡಿದ. ಆದರೆ ಬರೀ ಉಗಿಯ ಬಲ ಸಾಲದು, ಕಾಫಿ ಸೀದಂತೆ ಇರುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆಕಿಲೆ ಗಾಜಿಯಾ ಎಂಬಾತ ಸನ್ನೆಗೋಲು, ಸ್ಪ್ರಿಂಗು ಸೇರಿಸಿ ನಿಜವಾದ ಒತ್ತಡ ತಂದ. ಆಗ ಮೊದಲ ಸಲ ಕಾಫಿಯ ಮೇಲೆ ಕಂದು ಕೆನೆ ಕಟ್ಟಿತು. ಹುರಿದ ಬೀಜದಲ್ಲಿ ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡು ಎಣ್ಣೆಯೊಂದಿಗೆ ಗುಳ್ಳೆಯಾಗಿ ಬರುವುದೇ ಆ ಕೆನೆ. ಹಳೆಯ ಬೀಜದಲ್ಲಿ ಗಾಳಿ ಹೋಗಿರುತ್ತದೆ, ಕೆನೆಯೂ ಇಲ್ಲ. ನಿನ್ನೆ ಮೊನ್ನೆ ಹುರಿದದ್ದರಲ್ಲಿ ಗಾಳಿ ವಿಪರೀತ. ಹುರಿದು ವಾರವಾದದ್ದು ಒಳ್ಳೆಯದು.

ಯಂತ್ರ ಇಲ್ಲದವರು ಬೇಸರಿಸಬೇಡಿ. 1933ರಲ್ಲಿ ಇಟಲಿಯಲ್ಲೇ ಹುಟ್ಟಿದ ಮೋಕಾ ಪಾತ್ರೆ ಈಗ ನಮ್ಮಲ್ಲೂ ಸಿಗುತ್ತದೆ. ಗ್ಯಾಸಿನ ಮೇಲೆ ಇಟ್ಟರೆ ಕೆಳಗಿನ ನೀರು ಉಗಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ. ಎಸ್ಪ್ರೆಸೊ ಅಲ್ಲ, ಅದರ ಚಿಕ್ಕಪ್ಪನ ಮಗ ಎನ್ನಬಹುದು.

ಈಗ ನಮ್ಮ ಪ್ರಯೋಗಕ್ಕೆ ಬರುತ್ತೇನೆ. ಮೂವರಿಗೆ ಮೂರು ಕೆಲಸ. ಬೀಸುವುದು, ಒತ್ತುವುದು ಮೊಮ್ಮಗಳದು. ಗಡಿಯಾರ ನೋಡುವುದು, ವಹಿ ಬರೆಸುವುದು ಅಜ್ಜನದು. ರುಚಿ ನೋಡುವವರು ಯಾರು? ಮೊಮ್ಮಗಳಿಗೆ ಕಾಫಿ ಕೊಡುವ ವಯಸ್ಸಲ್ಲ. ಮಕ್ಕಳ ನಿದ್ದೆಗೆ ಕೆಫೀನು ಒಳ್ಳೆಯದಲ್ಲ. ಅಜ್ಜನಿಗೆ ದಿನಕ್ಕೆ ಒಂದೇ ಕಪ್ಪು. ಹೀಗಾಗಿ ಚಹಾದ ಮನೆಯ ನನ್ನ ನಾಲಿಗೆಯೇ ಪ್ರಯೋಗಶಾಲೆಯಾಯಿತು. ಒಂದೊಂದು ಚಮಚ ನೆಕ್ಕುವುದು, ಉಗುಳುವುದು, 'ಹುಳಿ' ಅಥವಾ 'ಕಹಿ' ಎನ್ನುವುದು.

ಎಷ್ಟು ಗಟ್ಟಿಯಾಗಿ ಒತ್ತಬೇಕು ಎಂಬುದಕ್ಕೆ ಇವರು ಹೂಡಿದ ಹಂಚಿಕೆ ನನಗೆ ಬಹಳ ಹಿಡಿಸಿತು. ನಾವು ಮೈತೂಕ ನೋಡುವ ಯಂತ್ರವನ್ನು ಕಟ್ಟೆಯ ಮೇಲೆ ಇಡಿಸಿ, ಅದರ ಮೇಲೆ ಪುಡಿಯ ಹಿಡಿಕೆ ಇಟ್ಟು ಒತ್ತಿಸಿದರು. ಮುಳ್ಳು ಸುಮಾರು 13 ಕಿಲೋ ತೋರಿಸುವವರೆಗೆ. ಹತ್ತು ಸಲ ಮಾಡಿದ ಮೇಲೆ ಮೊಮ್ಮಗಳ ಕೈಗೆ ಆ ತೂಕ ಬಾಯಿಪಾಠವಾಯಿತು. ನಾನೂ ಒತ್ತಿ ನೋಡಿದೆ. 22 ಕಿಲೋ! ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಪುಡಿ 14 ಗ್ರಾಮು. ಇಳಿಯಬೇಕಾದ ಕಾಫಿ ಅದರ ಎರಡರಷ್ಟು, 28 ಗ್ರಾಮು. ಗುಂಡಿ ಒತ್ತಿದಾಗಿನಿಂದ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಮೊದಲ ದಿನ 11 ಸೆಕೆಂಡಿಗೆ ಧೋ ಎಂದು ಸುರಿಯಿತು, ಹುಣಸೆ ನೀರಿನ ಹಾಗೆ ಹುಳಿ. ಗಿರಣಿಯನ್ನು ಎರಡು ಗೆರೆ ಬಿಗಿ ಮಾಡಿದರೆ 50 ಸೆಕೆಂಡು, ನಾಲಿಗೆ ಒಗರು. ನೀರು ಪುಡಿಯಿಂದ ಮೊದಲು ಹುಳಿಯನ್ನು ಎಳೆಯುತ್ತದೆ, ಹಿಂದಿನಿಂದ ಸಿಹಿ ಬರುತ್ತದೆ, ಕೊನೆಗೆ ಕಹಿ. ಬೇಗ ಇಳಿದರೆ ಸಿಹಿ ಬರುವ ಮೊದಲೇ ಆಟ ಮುಗಿದಿರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಮೇಷ್ಟ್ರ ಕಟ್ಟಪ್ಪಣೆ. ಗೆರೆ ಬದಲಿಸಿದರೆ ತೂಕ ಬದಲಿಸಕೂಡದು. ನಾನು ಒಮ್ಮೆ ಚಟಕ್ಕೆ ಎರಡನ್ನೂ ಬದಲಿಸಿ ಬೈಸಿಕೊಂಡೆ.

ನೀರಿನದು ಬೇರೆಯೇ ಕಥೆ. ನಮ್ಮಲ್ಲಿ ನಳದಲ್ಲಿ ಬರುವ ಮಲಪ್ರಭೆಯ ನೀರು ಒಂದು ರುಚಿ, ಬೋರಿನ ಸವಳು ನೀರು ಇನ್ನೊಂದು. ಬೋರಿನ ನೀರಿಗೆ ಯಂತ್ರದೊಳಗೆ ಬಿಳಿ ಪದರು ಕಟ್ಟುತ್ತದೆ, ಕಾಫಿಯೂ ಸಪ್ಪೆ. ಇನ್ನೊಂದು ಸಂಗತಿ: ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ನೂರಕ್ಕೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾಫಿಗೆ ಬೇಕಾದದ್ದು 90ರಿಂದ 96. ಕುದಿ ಬಂದ ನೀರನ್ನು ಇಳಿಸಿ ಕ್ಷಣ ಬಿಟ್ಟು ಫಿಲ್ಟರಿಗೆ ಸುರಿಯುವ ಇವರ ಪದ್ಧತಿಗೆ ಇದೇ ಕಾರಣವೆಂದು ನನಗೆ ಗೊತ್ತಾಗಲು ಐವತ್ತು ವರ್ಷ ಬೇಕಾಯಿತು.

ಹಾಲು ನಮ್ಮ ಗೌಳಿಗರ ಎಮ್ಮೆಯದು. ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಮೇಲೆ ಉಗಿ ಕೊಡಬೇಕು. ಕೊಳವೆಯ ತುದಿ ಹಾಲಿನ ಮೇಲ್ಪದರಕ್ಕೆ ಆಗಷ್ಟೇ ಮುಳುಗಿರಬೇಕು. ಹಾಳೆ ಹರಿದಂಥ ಸಪ್ಪಳ ಬರುತ್ತದೆ. ಪಾತ್ರೆ ಕೈಗೆ ತಾಳಲಾರದಷ್ಟು ಬಿಸಿಯಾದ ಕೂಡಲೇ ನಿಲ್ಲಿಸಬೇಕು. ಉಗಿಯ ಕೆಲಸಕ್ಕೆ ಮಕ್ಕಳ ಜೊತೆ ದೊಡ್ಡವರು ನಿಂತಿರಲೇಬೇಕು.

ಒಂಬತ್ತನೆಯ ದಿನ ಬೆಳಿಗ್ಗೆ. 14 ಗ್ರಾಮು. ಮೊಮ್ಮಗಳು ಒತ್ತಿದಳು. ಇವರು ಎಣಿಸತೊಡಗಿದರು. ಏಳನೆಯ ಸೆಕೆಂಡಿಗೆ ಮೊದಲ ಹನಿ, ಆಮೇಲೆ ಇಲಿಯ ಬಾಲದಂಥ ಸಣ್ಣ ಧಾರೆ, ಬಣ್ಣ ಕಾಕಂಬಿಯದು. ಇಪ್ಪತ್ತೇಳಕ್ಕೆ ನಿಲ್ಲಿಸಿದಳು. ನಾನು ಚಮಚದಲ್ಲಿ ನೋಡಿದೆ. ಹುಳಿ ಇತ್ತು, ಕಹಿ ಇತ್ತು, ಎರಡರ ನಡುವೆ ಸುಟ್ಟ ಬೆಲ್ಲದಂಥದ್ದೊಂದು ಇತ್ತು. ಏನೂ ಹೇಳದೆ ಬಿಸಿ ಹಾಲು ಬೆರೆಸಿ, ಎರಡೂ ಕೈಯಲ್ಲಿ ಹಿಡಿಯುವಂತೆ ಅಗಲ ಹಿಡಿಯ ಕಪ್ಪಿನಲ್ಲಿ ಅರ್ಧ ಮಾತ್ರ ತುಂಬಿ ಇವರ ಮುಂದಿಟ್ಟೆ.

ಕುಡಿದರು. ಮೊಮ್ಮಗಳು ಉಸಿರು ಬಿಗಿಹಿಡಿದಿದ್ದಳು. ಇನ್ನೊಂದು ಗುಟುಕು ಕುಡಿದರು. ನಾನು ಮನಸ್ಸಿನಲ್ಲೇ, 'ಚೆನ್ನಾಗಿದೆ ಅನಬ್ಯಾಡ್ರಿ, ಚೆನ್ನಾಗಿದೆ ಅನಬ್ಯಾಡ್ರಿ' ಎಂದು ಬೇಡಿಕೊಳ್ಳುತ್ತಿದ್ದೆ.

'ಹುಳಿ ಸ್ವಲ್ಪ ಮುಂದಿದೆ ಕಣೇ' ಎಂದರು. 'ಇನ್ನೊಂದು ಗೆರೆ ಸಣ್ಣ ಬೀಸಬೇಕು. ಹಾಲೂ ಜಾಸ್ತಿ ಕಾದಿದೆ. ಮಗು, ಬರ್ಕೋ.'

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದೆ. ಉಗಿ ಬಡಿದಿತ್ತು ಎಂದು ಇಟ್ಟುಕೊಳ್ಳಿ.

ರಜೆಯ ಕೊನೆಯ ದಿನ ನಸುಕಿನಲ್ಲಿ ಕರೆಂಟು ಹೋಯಿತು. ಯಂತ್ರ ಕಲ್ಲಿನಂತೆ ಕೂತಿತು. ಮೊಮ್ಮಗಳು ಯಾರನ್ನೂ ಕೇಳದೆ ಸ್ಟೂಲು ಹತ್ತಿ ಅಟ್ಟದಿಂದ ಹಿತ್ತಾಳೆಯ ಫಿಲ್ಟರು ಇಳಿಸಿದಳು. ಅಟ್ಟದ ಕೆಳಗೆ ನಿಂತು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡವರು ಇವರೇ. ಬಿಲ್ಲೆಯನ್ನು ಹೇಗಿಡಬೇಕು, ನೀರನ್ನು ಸುತ್ತ ಹೇಗೆ ಸುರಿಯಬೇಕು, ಎಲ್ಲವನ್ನೂ ಕುರ್ಚಿಯಿಂದಲೇ ಹೇಳಿಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಡಿಕಾಕ್ಷನ್ ಇಳಿಯಿತು. ಅಂದು ವಹಿಯಲ್ಲಿ ಅವಳ ಅಕ್ಷರದಲ್ಲಿ ಒಂದೇ ಸಾಲು ಇದೆ: 'ಫಿಲ್ಟರ್. ಅಜ್ಜ ಏನೂ ತಪ್ಪು ಹೇಳಲಿಲ್ಲ. ಪೂರಾ ಕುಡಿದರು.'

ಈಗ ಅವಳು ಹುಬ್ಬಳ್ಳಿಯಲ್ಲಿ, ಶಾಲೆ ನಡೆದಿದೆ. ಶನಿವಾರ ಸಂಜೆ ಚಿಗರಿ ಹತ್ತಿ ಬರುತ್ತಾಳೆ. ಭಾನುವಾರ ಯಂತ್ರ ಅವಳದು. ಉಳಿದ ಆರು ದಿನ ಹಿತ್ತಾಳೆಯ ಫಿಲ್ಟರು, ಪುಡಿ ಹಾಕುವವಳು ನಾನು. ರಾತ್ರಿ ಒಂಬತ್ತಕ್ಕೆ ಇವರು ಕುರ್ಚಿ ಎಳೆದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ಕೂತಿರುತ್ತಾರೆ. ನಾನು ಬಿಲ್ಲೆಯ ಹಿಡಿಗೆ ಕೈ ಹಚ್ಚುವ ಮೊದಲೇ, 'ಜೋರಾಯ್ತು ಕಣೇ' ಎನ್ನುತ್ತಾರೆ.

'ಇನ್ನೂ ಒತ್ತೇ ಇಲ್ರೀ!' ಎನ್ನುತ್ತೇನೆ ನಾನು.